ಬಲಕ್ಕ ಬಿದ್ದ ಗಂಟು

ಇವತ್ತ ನಾ ಸಿಕ್ಕಬಿದ್ದೆ ನೋಡ್ರಿ, ಅದೂ ಎಂಬತ್ತು ದಾಟಿದ ನಮ್ಮವ್ವನ ಕೈಯಾಗ.

ಮರಿಮೊಮ್ಮಗನ ತೊಟ್ಟಲಕ್ಕ ಅಂತ ಅವ್ವ ಹಳೇ ಸೀರಿ ಹಚ್ಚಿ ಕೌದಿ ಹೊಲಿಯಾಕತ್ತಾಳ. ಕಣ್ಣು ಮಂಜಾಗಿ ಸಾಲು ಸೊಟ್ಟ ಹೊಕ್ಕಾವ. ಮೂಡಲಗಿಯೊಳಗ ಇಷ್ಟ ವರ್ಷ ಜಂಪರ ಹೊಲದ ಕೈ ನಂದು, ಸುಮ್ಮನಿರಲಿಲ್ಲ. ದಿನಾ ಮಧ್ಯಾಹ್ನ ಆಕಿ ಮಲಗಿದಾಗ ಸೊಟ್ಟ ಸಾಲು ಬಿಚ್ಚಿ, ತಿರಗಿ ಹೊಲದ ಇಡತಿದ್ದೆ.

ಇವತ್ತ ಅವ್ವ ಸಾಲಿನ ಮ್ಯಾಲ ಬೆರಳಾಡಿಸಿ ಕೇಳಿದ್ಲು, "ಇದನ್ನ ಯಾರ ಬಿಚ್ಚಿ ಹೊಲದಾರ?"

"ಯಾರೂ ಇಲ್ಲಬೇ, ನೀನ ಹೊಲದಿ" ಅಂದೆ.

"ನಾ ಎಡಗೈಲೆ ಹೊಲಿಯಾಕಿ. ನನ್ನ ಗಂಟು ಎಡಕ್ಕ ಇರತೈತಿ. ಇದು ಬಲಕ್ಕ ಐತಿ."

ಐವತ್ತೆಂಟನೇ ವಯಸ್ಸಿನ್ಯಾಗ ತಲಿ ತಗ್ಗಿಸಿ ನಿಂತೆ.

ಅವ್ವ ಬೈಲಿಲ್ಲ. "ಘೋಡಗೇರ್ಯಾಗ ನಮ್ಮವ್ವಗ ಕಣ್ಣು ಕಾಣದಾದಾಗ ನಾನೂ ಹಿಂಗ ಮಾಡತಿದ್ದೆ. ಆಕಿಗೂ ಗೊತ್ತಿತ್ತು. ಒಂದ ಮಾತ ಆಡಲಿಲ್ಲ" ಅಂದ್ಲು.

"ಮತ್ತ ನೀ ಯಾಕ ಆಡಿದಿ?"

"ನಾ ಹೊಲದದ್ದು ನೆಟ್ಟಗಿತ್ತು. ನಿಂದೂ ಸೊಟ್ಟ ಐತಿ."

ಚಸ್ಮಾ ಹಾಕ್ಕೊಂಡು ಸಾಲು ಬೆಳಕಿಗೆ ಹಿಡದ ನೋಡಿದೆ. ಖರೇನ ಸೊಟ್ಟ ಐತಿ.

ಇದನ್ನ ಬರಿಯೂ ಹೊತ್ತಿನ್ಯಾಗ, ಹುಕ್ಕೇರಿಯಿಂದ ಕೂಸಿನ ಜೋಡಿ ಬಂದ ನನ್ನ ಮಗಳು ಆ ಕೌದಿ ಮಡಚಿ ತನ್ನ ಖೋಲಿಗೆ ಒಯ್ದಾಳ. ಸೂಜಿ ದಾರದ ಜೋಡಿ ಸಣ್ಣ ಕತ್ತರಿನೂ ಒಯ್ದಾಳ.

ನಾ ನಮ್ಮಜ್ಜಿ ಹಂಗ ಸುಮ್ಮನ ಕುಂತೇನಿ.