ಹಳೇ ಕ್ಯಾಮೆರಾದ ಹುಡುಗಿ, ಹೊಸ ಕ್ಯಾಮೆರಾದ ಹುಡುಗಿ

ಅಣ್ಣ ಹೊಸ ಕ್ಯಾಮೆರಾ ತಂದ ವಾರವೇ ನನ್ನ ಫೋಟೋ ಮದುವೆ ಬ್ರೋಕರ್ ಕೈ ಸೇರಬೇಕಾಗಿ ಬಂದದ್ದು ನನ್ನ ಗ್ರಹಚಾರ. ೨೦೧೦ರ ಮಾತು. ಆಗ ಅಮ್ಮ, ಅಣ್ಣ, ನಾನು ಯಲಹಂಕದ ಹತ್ತಿರದ ಸಿಂಗಾಪುರ ಅನ್ನುವ ಊರಿನ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಾನು ಹತ್ತಿರದ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ರಾಜಾನುಕುಂಟೆಯ ಗಂಡಿನ ಕಡೆಯವರಿಗೆ ಸೋಮವಾರವೇ ಫೋಟೋ ಬೇಕು ಅಂತ ಬ್ರೋಕರ್ ಹೇಳಿಕಳಿಸಿದ್ದರು. ಅತ್ತ ಯಶವಂತಪುರದ ಅಂಗಡಿಯವನೂ ಸೋಮವಾರದ ಗಡುವು ಕೊಟ್ಟಿದ್ದ: ಹೊಸ ಕ್ಯಾಮೆರಾ ಹಿಡಿಸಿದರೆ ಹಳೆಯದನ್ನು ಎಕ್ಸ್‌ಚೇಂಜಿಗೆ ತಂದುಕೊಡಿ, ಹಿಡಿಸದಿದ್ದರೆ ಹೊಸದನ್ನೇ ವಾಪಸ್ ತನ್ನಿ.

ಹಾಗಾಗಿ ಭಾನುವಾರ ಬೆಳಗ್ಗೆಯಿಂದಲೇ ಮನೆಯಲ್ಲಿ ಪರೀಕ್ಷೆ ಶುರುವಾಯಿತು. ಎರಡೂ ಒಂದೇ ಕಂಪನಿಯವು. ಹಳೆಯದು ಎರಡು ವರ್ಷದ್ದು, ದಪ್ಪಗೆ, ಎರಡು ಪೆನ್ಸಿಲ್ ಸೆಲ್ ತಿಂದು ಬದುಕುವಂಥದ್ದು. ಹೊಸದಕ್ಕೆ ತನ್ನದೇ ಬ್ಯಾಟರಿ, ದೊಡ್ಡ ಪರದೆ, ಜೇಬಿಗೆ ಇಳಿಯುವಷ್ಟು ತೆಳ್ಳಗಿನ ಮೈ. ಅಣ್ಣ ತಾರಸಿ ಮೇಲೆ ನಿಂತು ಒಂದೊಂದನ್ನೂ ಎರಡರಲ್ಲೂ ತೆಗೆದ. ನೀರಿನ ಟ್ಯಾಂಕು, ಎದುರುಮನೆಯವರು ಒಣಹಾಕಿದ ಸೀರೆ, ಯಲಹಂಕದ ಕಡೆಯಿಂದ ಮೇಲೆದ್ದ ವಿಮಾನ. ಹಳೆಯದರಲ್ಲಿ ವಿಮಾನ ಸೊಳ್ಳೆಯಷ್ಟಿತ್ತು, ಹೊಸದರಲ್ಲಿ ರೆಕ್ಕೆ ಕಾಣುತ್ತಿತ್ತು. ಹಳೆಯದು ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ಯೋಚನೆ ಮಾಡುತ್ತಿತ್ತು, ಅಷ್ಟರಲ್ಲಿ ಕೂತ ಕಾಗೆ ಹಾರಿಹೋಗಿರುತ್ತಿತ್ತು.

"ಯಾವ್ ಲೆಕ್ಕದಲ್ಲಿ ನೋಡಿದ್ರೂ ಹೊಸದೇ ಕಣೇ" ಅಂದ ಅಣ್ಣ. "ಇನ್ನು ನೀನೊಬ್ಳು ಬಾಕಿ."

ನನಗೆ ಬೆಳಗಿನಿಂದ ಕಾಲು ಒಂದು ಕಡೆ ನಿಂತಿರಲಿಲ್ಲ. ತಿದ್ದಬೇಕಿದ್ದ ಮಕ್ಕಳ ಪರೀಕ್ಷೆಯ ಕಾಗದಗಳನ್ನು ಜೋಡಿಸಿದೆ, ಕೆಡವಿದೆ, ಮತ್ತೆ ಜೋಡಿಸಿದೆ. ಅಮ್ಮ ಹಿಡಿದು ಕೂರಿಸಿ ಹೂ ಮುಡಿಸಿದಳು, ಕತ್ತಿನವರೆಗೂ ಪೌಡರ್ ಬಳಿದಳು. ಹಾಲ್‌ನ ಗೋಡೆಗೆ ನಿಲ್ಲಿಸಿದ ಅಣ್ಣ "ಅಲುಗಾಡ್ಬೇಡ" ಎಂದು ಹತ್ತು ಸಲ ಹೇಳಿದ. ಹಳೆಯದು ಫಳ್ಳನೆ ಫ್ಲ್ಯಾಶ್ ಹೊಡೆಯಿತು. ಹೊಸದು ನನ್ನ ಮುಖ ಹುಡುಕಿ, ಅದರ ಸುತ್ತ ಹಳದಿ ಚೌಕ ಹಾಕಿ, ಬೇಕಾದಷ್ಟೇ ಬೆಳಕು ಚೆಲ್ಲಿತು.

ಮಧ್ಯಾಹ್ನ ಊಟ ಮುಗಿಸಿ ಮೂವರೂ ಕಂಪ್ಯೂಟರ್ ಮುಂದೆ ಕೂತೆವು. ಹಳೇ ಕ್ಯಾಮೆರಾದ ಹುಡುಗಿ ಮೈದಾಹಿಟ್ಟಿನಲ್ಲಿ ಮಾಡಿದಂತೆ ಬೆಳ್ಳಗಿದ್ದಳು. ಮೂಗು ಅರ್ಧ ಕರಗಿಹೋಗಿತ್ತು, ಗಲ್ಲದ ಮೇಲಿನ ಕಲೆ ಕಾಣಲೇ ಇಲ್ಲ. ಹೊಸ ಕ್ಯಾಮೆರಾದ ಹುಡುಗಿ ಕಪ್ಪಗಿದ್ದಳು. ಅಂದರೆ ನನ್ನ ಹಾಗೇ ಇದ್ದಳು. ಕಲೆ ಇತ್ತು, ತುಟಿಯ ಮೇಲೆ ಎಳೆಗೂದಲಿತ್ತು, ಕಣ್ಣಲ್ಲಿ ಬೆಳಗಿನಿಂದ ಹೊತ್ತುಕೊಂಡಿದ್ದ ಸಿಟ್ಟೂ ಇತ್ತು. ನನಗೆ ಅವಳು ಇಷ್ಟವಾದಳು.

ಅಮ್ಮ ಕನ್ನಡಕ ಸರಿಮಾಡಿಕೊಂಡಳು. "ಇದ್ಯಾವ ಸೀಮೆ ಕ್ಯಾಮೆರಾನೋ, ಹುಡುಗಿ ಬಣ್ಣಾನೇ ತಿಂದ್ಹಾಕಿದೆ! ನಾಳೆನೇ ಕೊಟ್ಬಿಡು. ಇವಳ ಮದ್ವೆ ಆಗೋವರೆಗೂ ಹಳೇದೇ ಇರ್ಲಿ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮಮ್ಮನಿಗೆ ಹೆಗ್ಗಣಕ್ಕೂ ಸ್ವಲ್ಪ ಸುಣ್ಣ ಬಳಿಯಬೇಕಿತ್ತು. ಅಣ್ಣ ಅರ್ಧ ಗಂಟೆ ವಾದ ಮಾಡಿ ರಾಜಿಗೆ ಬಂದ: ಹೊಸ ಕ್ಯಾಮೆರಾ ಮನೆಗೆ, ಹಳೇ ಕ್ಯಾಮೆರಾ ತೆಗೆದ ಫೋಟೋ ಗಂಡಿನವರಿಗೆ. ನನ್ನನ್ನು ಯಾರೂ ಕೇಳಲಿಲ್ಲ. ಪ್ರಿಂಟ್ ಹಾಕಿಸುವ ಕೆಲಸ ಮಾತ್ರ ನನ್ನ ತಲೆಗೆ ಬಂತು, ಸ್ಟುಡಿಯೋ ಶಾಲೆಯ ದಾರಿಯಲ್ಲಿತ್ತಲ್ಲ.

ಮರುದಿನ ಸ್ಟುಡಿಯೋದವರು ಪೆನ್‌ಡ್ರೈವ್ ಚುಚ್ಚಿ "ಯಾವ್ದು ಮೇಡಂ?" ಅಂದರು. ಹೆಣ್ಣು ನೋಡಲು ಬಂದವರು ಆ ಬಿಳೀ ಹುಡುಗಿಯನ್ನು ಹುಡುಕುತ್ತಾ ನನ್ನ ಮುಖವನ್ನು ದಾಟಿ ಅಡುಗೆಮನೆಯ ಕಡೆ ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ಬೇಡ ಅನ್ನುವುದಿದ್ದರೆ ನನ್ನನ್ನೇ ನೋಡಿ ಅನ್ನಲಿ. ಹೊಸದರ ಮೇಲೆ ಬೆರಳಿಟ್ಟೆ. ಕವರು ಅಂಟಿಸಿ, ಬ್ರೋಕರ್ ಮನೆಗೆ ನಾನೇ ಕೊಟ್ಟುಬಂದೆ. ಮನೆಯಲ್ಲಿ ಹೇಳಲಿಲ್ಲ. ಸಂಜೆ ಅಣ್ಣ ಹಳೆಯ ಕ್ಯಾಮೆರಾವನ್ನು ಅಂಗಡಿಗೆ ಒಪ್ಪಿಸಿ ಬಂದ.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನೇ ಮತ್ತೆ ಬರೆದೆ, ಮಕ್ಕಳು ನಕ್ಕರೆ ರೇಗಿದೆ. ಮನೆಯಲ್ಲಿ ಫೋನ್ ರಿಂಗಾದಾಗಲೆಲ್ಲ ಓಡಿಹೋಗಿ ನಾನೇ ಎತ್ತುತ್ತಿದ್ದೆ. ಗುರುವಾರ ಬ್ರೋಕರ್ ಫೋನ್ ಬಂತು: ಭಾನುವಾರ ಹೆಣ್ಣು ನೋಡಲು ಬರುತ್ತಾರಂತೆ.

ಬಂದರು. ಹುಡುಗ, ಅವನ ತಂದೆತಾಯಿ. ಕಾಫಿ ಲೋಟ ಕೊಟ್ಟು ಕೂತೆ. ಹುಡುಗನ ತಾಯಿ ಬ್ಯಾಗಿನಿಂದ ಫೋಟೋ ಅರ್ಧ ಎಳೆದು ನೋಡಿದರು, ನನ್ನನ್ನು ನೋಡಿದರು, ಮತ್ತೆ ಒಳಗಿಟ್ಟರು. "ಪೋಟೋದಾಗೆ ಎಂಗವ್ಳೋ ಅಂಗೇ ಅವ್ಳೆ" ಅಂದರು.

ಬಾಗಿಲ ಬಳಿ ನಿಂತಿದ್ದ ಅಮ್ಮನ ಮುಖ ಅರಳಿತು. ಅವರು ಹೋದ ಮೇಲೆ ಅಣ್ಣನಿಗೆ ಮಂಗಳಾರತಿ: "ಕೇಳಿಸ್ಕೊಂಡ್ಯಾ? ಅಂಥಾ ಕ್ಯಾಮೆರಾನ ಕೊಟ್ಬಿಟ್ಯಲ್ಲೋ!" ನನಗೆ ನಗು ತಡೆಯಲಾಗದೆ ಬಚ್ಚಲುಮನೆ ಸೇರಿದೆ. ಹುಡುಗ ಒಂದೆರಡು ಸಲ ನನ್ನ ಕಡೆ ನೋಡಿ ನಕ್ಕಿದ್ದ. ನಿಜ ಹೇಳಬೇಕೆಂದರೆ, ಆಸೆಯೂ ಹುಟ್ಟಿತ್ತು.

ನಾಲ್ಕು ದಿನ ಬಿಟ್ಟು ಬ್ರೋಕರ್ ಬಂದರು. ಜಾತಕ ಕೂಡಿಬರಲಿಲ್ಲವಂತೆ. ಜಾತಕ ಮೊದಲೇ ನೋಡಿ ಆಗಿತ್ತು. ಬೇಡ ಅನ್ನಲು ಎಲ್ಲರ ಬಾಯಲ್ಲೂ ಸಿದ್ಧವಿರುವ ಮಾತು ಅದು. ಎದ್ದು ಹೊರಡುವಾಗ ಅವರು ಅಮ್ಮನ ಕೈಗೆ ಕವರು ಕೊಟ್ಟರು. ಸಂಬಂಧ ಕುದುರದಿದ್ದರೆ ಹೆಣ್ಣಿನ ಫೋಟೋ ಪರರ ಮನೆಯಲ್ಲಿ ಉಳಿಯಬಾರದು, ವಾಪಸ್ ಮಾಡಬೇಕು. ಈ ಪದ್ಧತಿ ನನಗೆ ನೆನಪೇ ಇರಲಿಲ್ಲ.

ಅಮ್ಮ ಕಿಟಕಿಯ ಬಳಿ ಹೋಗಿ ಫೋಟೋ ಹೊರತೆಗೆದಳು. ನಾನು ಬೈಗುಳಕ್ಕೆ ಸಿದ್ಧಳಾಗಿ, ಎದುರುತ್ತರಗಳನ್ನು ಜೋಡಿಸಿಟ್ಟುಕೊಂಡು ನಿಂತೆ. ಅವಳು ಬೈಯಲಿಲ್ಲ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕೊಂಕಿಲ್ಲದೆ, ನಿಜವಾದ ಆಶ್ಚರ್ಯದಿಂದ ಕೇಳಿದಳು:

"ಇದನ್ನ ನೋಡಿನೂ ನಮ್ಮನೆವರ್ಗೂ ಬಂದಿದ್ರೇನೇ?"

ರಾಜಾನುಕುಂಟೆಯವರು ಬೇಡ ಅಂದದ್ದು ಇಷ್ಟು ನೋಯಿಸಿರಲಿಲ್ಲ.

"ಹೂಂ ಅಮ್ಮ," ಅಂದೆ. "ನೋಡ್ಕೊಂಡೇ ಬಂದಿದ್ರು."