ದಿನಕ್ಕೆ ಎಂಟು ಸಲ ಕೆಲಸ ಕಳೆದುಕೊಳ್ಳುವ ಅಕ್ಕ

ಬೆಳಗಿನ ಆರೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕನೇ ಮಹಡಿಯ ಒಂದು ಕೋಣೆಯಲ್ಲಿ ಮಾತ್ರ ಬೆಳಕಿದೆ. ಒಳಗೆ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಬಾಗಿಲ ಪಕ್ಕ ಒಂದು ಶೆಲ್ಫು, ಅದರ ಮೇಲೆ ಮೂಲೆ ನೆಗ್ಗಿದ ಸ್ಟೀಲಿನ ಊಟದ ಡಬ್ಬಿ. ಒಂದು ಕುರ್ಚಿಯಲ್ಲಿ ಐವತ್ತಾರು ವರ್ಷದ ಅಕ್ಕ ಕೈಕಟ್ಟಿ ಕೂತಿದ್ದಾರೆ. ಎದುರಿಗೆ ಇಸ್ತ್ರಿ ಮುರಿಯದ ಅಂಗಿಯ ದೊಡ್ಡ ಅಧಿಕಾರಿ, ಕೈಯಲ್ಲೊಂದು ಕಾಗದ.

“ಸಂಸ್ಥೆಯ ಪುನರ್‌ರಚನೆಯ ಹಿನ್ನೆಲೆಯಲ್ಲಿ ತಮ್ಮ ಹುದ್ದೆಯನ್ನು...” ಎಂದು ಅಧಿಕಾರಿ ಓದತೊಡಗುತ್ತಾರೆ.

“ಅಂದ್ರೆ ನಾಳೆ ಬರ್ಬೇಕಾ ಸರ್, ಬೇಡ್ವಾ?” ಅಕ್ಕ ಕೇಳುತ್ತಾರೆ.

ಅಧಿಕಾರಿ ಕಾಗದದಲ್ಲಿ ಉತ್ತರ ಹುಡುಕುತ್ತಾರೆ. ಇದ್ದರೆ ತಾನೇ ಸಿಗುವುದು!

ಅಲ್ಲಿಗೆ ಅಕ್ಕನ ಕೆಲಸ ಈ ದಿನದ ಮಟ್ಟಿಗೆ ಮೊದಲ ಸಲ ಹೋಗುತ್ತದೆ. ಅವರ ಕೆಲಸವೇ ಅದು. ಜನರನ್ನು ಮುನ್ನಡೆಸುವುದು ಹೇಗೆಂದು ಕಲಿಯಲು ಕಂಪನಿಗಳ ಮೇಲಧಿಕಾರಿಗಳು ಈ ತರಬೇತಿ ಕಚೇರಿಗೆ ಬರುತ್ತಾರೆ. ಕಲಿಸುವುದು ಕೋಚ್ ಮ್ಯಾಡಂ. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕಲ್ಲ, ಆ ‘ಯಾರಾದರೂ’ ಎಂದರೆ ನಮ್ಮ ಅಕ್ಕ. ಬೈಯುವುದು, ರಜೆ ನಿರಾಕರಿಸುವುದು, ಕೆಲಸದಿಂದ ತೆಗೆಯುವುದು ಎಲ್ಲವನ್ನೂ ಮೊದಲು ಅವರ ಮೇಲೆಯೇ ಅಭ್ಯಾಸ ಮಾಡುತ್ತಾರೆ. ಮ್ಯಾಡಮ್ಮನ ಪ್ರಮಾಣಪತ್ರಗಳು ಗೋಡೆಯ ಮೇಲಿವೆ. ಅಕ್ಕನ ಹೆಸರು ಹಾಜರಿ ಪುಸ್ತಕ ಮತ್ತು ತರಬೇತಿ ವರದಿಗಳ ಸಹಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಇವತ್ತಿನದು ಮಾತ್ರ ಬರೀ ಅಭ್ಯಾಸವಲ್ಲ. ಹನ್ನೊಂದು ಗಂಟೆಗೆ ಈ ಅಧಿಕಾರಿ ತಮ್ಮ ಗೋದಾಮಿನ ಒಂಬತ್ತು ಜನರ ಮುಂದೆ ನಿಂತು, ವಿಭಾಗ ಮುಚ್ಚಿತು ಎಂದು ಹೇಳಬೇಕು. ಅಷ್ಟರೊಳಗೆ ತರಬೇತಿಯ ವರದಿಯಲ್ಲಿ ‘ಸಿದ್ಧರಿದ್ದಾರೆ’ ಎಂಬ ಸಾಲಿನೆದುರು, ಅಭ್ಯಾಸಕ್ಕೆ ಎದುರು ಕೂತ ಅಕ್ಕನ ಸಹಿ ಬೀಳಬೇಕು. ಬೀಳದಿದ್ದರೆ ಕಂಪನಿ ಆ ಒಂಬತ್ತು ಜನರ ಮೊಬೈಲಿಗೆ ಒಂದು ಸಂದೇಶ ಒಗೆದು ಕೈತೊಳೆದುಕೊಳ್ಳುತ್ತದೆ. ಹಾಗಾಗಿ ಸುಮ್ಮನೆ ಸಹಿ ಹಾಕುವಂತಿಲ್ಲ, ಹಾಕದೆ ಬಿಡುವಂತೆಯೂ ಇಲ್ಲ. ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು, ಯಾರ ಹೆಸರನ್ನೂ ಬರೆಯುವುದಿಲ್ಲವೆಂದು ಮಾತು ಕೊಟ್ಟು ಮೂಲೆಯಲ್ಲಿ ಕೂತಿದ್ದೇನೆ.

“ಇನ್ನೊಂದ್ಸಲ ಸರ್,” ಎನ್ನುತ್ತಾರೆ ಅಕ್ಕ.

ಮೂರನೆಯ ಸಲಕ್ಕೆ ಅಧಿಕಾರಿ ಗಡಿಯಾರ ನೋಡಿಕೊಂಡು ಮಾತಾಡುತ್ತಾರೆ. ನಾಲ್ಕನೆಯದಕ್ಕೆ, ಮುಂದೆ ಒಳ್ಳೆಯ ಅವಕಾಶಗಳಿವೆ ಎಂದು ಭಾಷಣ ಬಿಗಿಯುತ್ತಾರೆ. ಅಕ್ಕ ತಲೆ ಅಲ್ಲಾಡಿಸಿದ್ದೇ ತಡ, ಅಧಿಕಾರಿಯ ಸಹನೆ ಕೆಡುತ್ತದೆ. “ಇಪ್ಪತ್ತು ವರ್ಷದಿಂದ ಮುನ್ನೂರು ಜನರನ್ನ ಸಂಭಾಳಿಸ್ತಿದ್ದೀನಿ ಕಣಮ್ಮ!”

“ಇರ್ಬೋದು ಸರ್. ಇಲ್ಲಿ ನಾನೊಬ್ಳೇ ಇರೋದು. ಇಷ್ಟೊತ್ತಾದ್ರೂ ಒಂದ್ಸಲನೂ ನನ್ನ ಮುಖ ನೋಡಿಲ್ಲ ನೀವು.”

ಅಧಿಕಾರಿ ನೀರು ಕುಡಿಯಲು ಹೊರಹೋದಾಗ ಅಕ್ಕ ನನ್ನತ್ತ ತಿರುಗುತ್ತಾರೆ. ಬಾಟಲಿಯ ಮುಚ್ಚಳ ತಯಾರಿಸುವ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವರು ಹತ್ತೊಂಬತ್ತು ವರ್ಷ ದುಡಿದವರು. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಾಹೇಬರೊಬ್ಬರು ಕಾರಿಡಾರಿನಲ್ಲೇ ನಿಲ್ಲಿಸಿ, ಗೇಟಿನ ಕಾರ್ಡು ಕೊಡಿ ಎಂದರಂತೆ. “ನಾಳೆ ಬರ್ಬೇಕಾ ಸರ್ ಅಂದೆ. ಫೋನ್ ನೋಡ್ತಾ ‘ತಿಳಿಸ್ತೀವಿ’ ಅಂದ್ರು. ಒಳಗೆ ನನ್ನ ಡಬ್ಬಿ ಇದೆ ಅಂದೆ. ‘ಕಳಿಸ್ತೀವಿ’ ಅಂದ್ರು. ಎರಡರಲ್ಲಿ ಒಂದೂ ಆಗ್ಲಿಲ್ಲ ಬಿಡಿ.”

ಆಮೇಲೆ ಐದು ವರ್ಷ ಅಲ್ಲಿ ಇಲ್ಲಿ ಕೂಲಿನಾಲಿ. ಕಡೆಗೆ ಇದೇ ಕಚೇರಿಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಅಭ್ಯಾಸಕ್ಕೆ ಕೂರಬೇಕಿದ್ದ ನಟಿ ಒಂದು ದಿನ ಬರಲಿಲ್ಲ. ಮ್ಯಾಡಂ ಇವರನ್ನು ಕರೆದು ಕೂರಿಸಿದರು. “ಬೈಸ್ಕೊಳ್ಳೋಕೆ ಏನು ಓದ್ಬೇಕು ಅಂತ ಕೂತೆ,” ಎಂದು ಅಕ್ಕ ನಗುತ್ತಾರೆ. ಎದುರಿಗಿದ್ದವರು ಕೆಲಸದಿಂದ ತೆಗೆದಾಗ ಇವರ ಬಾಯಿಂದ ತಾನಾಗಿ ಹೊರಟದ್ದು ಅದೇ ಹಳೆಯ ಪ್ರಶ್ನೆ. ಆ ಮನುಷ್ಯ ತಬ್ಬಿಬ್ಬಾದರು. ಮರುದಿನದಿಂದ ಅಕ್ಕ ಪೊರಕೆ ಬಿಟ್ಟು ಕುರ್ಚಿ ಹಿಡಿದರು.

ಏಳು ವರ್ಷವಾಯಿತು. ದಿನಕ್ಕೆ ಎಂಟು ಸಲ ಎಂದರೂ ಹತ್ತು ಸಾವಿರಕ್ಕೂ ಹೆಚ್ಚು ಸಲ ಅವರ ಕೆಲಸ ಹೋಗಿದೆ. “ಇವತ್ತು ಎಷ್ಟು ಸಲ ಮನೆಗೆ ಅಟ್ಟಿದ್ರು ನಿನ್ನ?” ಎಂದು ಲಿಫ್ಟ್ ರಿಪೇರಿ ಮಾಡುವ ಗಂಡ ದಿನಾ ಛೇಡಿಸುತ್ತಾರೆ. ಅದೂ ಒಂದು ಕೆಲಸವಾ ಎಂದು ನಾದಿನಿ ಮೂತಿ ತಿರುವುತ್ತಾರೆ. “ಅವಳಿಗೆ ಏನಂತ ಬಿಡಿಸಿ ಹೇಳ್ಲಿ? ಸುಳ್ಳು ಬೈಗುಳ ಅಂತ ಗೊತ್ತಿದ್ರೂ ಕೆಲವು ದಿನ ಊಟ ಸೇರಲ್ಲ,” ಎನ್ನುವಾಗ ಅಕ್ಕನ ನಗು ಕೊಂಚ ಬಾಡುತ್ತದೆ.

ಶೆಲ್ಫಿನ ಮೇಲಿರುವ ಡಬ್ಬಿ ಅವರು ಆಮೇಲೆ ಕೊಂಡದ್ದು. ಎಲ್ಲ ಮುಗಿದ ಮೇಲೆ, ಎದುರಿನವರ ವಸ್ತುವೊಂದು ಅಲ್ಲೇ ಉಳಿದಿದೆಯೆಂದು ಅಧಿಕಾರಿಗೆ ಕಾಣುತ್ತದೆಯೋ ಇಲ್ಲವೋ, ಅದು ಅಕ್ಕನ ಗುಟ್ಟಿನ ಪರೀಕ್ಷೆ. ಬರೆದರೆ ಗುಟ್ಟು ರಟ್ಟಾಗುವುದಿಲ್ಲವೇ ಎಂದು ಕೇಳಿದೆ. “ಧಾರಾಳವಾಗಿ ಬರೀರಿ. ಓದ್ಕೊಂಡು ಬಂದವರಿಗೆ ಡಬ್ಬಿ ಬದಲು ಛತ್ರಿ ಇಡ್ತೀನಿ.”

ಐದನೆಯದೂ ಕೈಕೊಡುತ್ತದೆ. ಗಂಟೆ ಒಂಬತ್ತು ದಾಟಿದೆ. “ಅಕ್ಕಾ, ಸಹಿ ಹಾಕ್ಬಿಡಿ, ಇನ್ನು ಹೊತ್ತಿಲ್ಲ,” ಎಂದು ಮ್ಯಾಡಂ ಒಳಬಂದು ಪಿಸುಗುಡುತ್ತಾರೆ. ಅಕ್ಕ ಪೆನ್ನು ಕೆಳಗಿಟ್ಟು ಅಧಿಕಾರಿಯತ್ತ ತಿರುಗುತ್ತಾರೆ. ದನಿ ಗಟ್ಟಿಯಾಗಿದೆ.

“ನಾನಿದ್ದ ಕಾರ್ಖಾನೆಯಲ್ಲಿ ಕಾರ್ಡ್ ಕಿತ್ಕೊಂಡ್ರು, ನಾಳೆ ಬರ್ಬೇಡಿ ಅಂತ ಮಾತ್ರ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ ಸರ್. ಅದಕ್ಕೆ ಮಾರನೇ ದಿನ ಎಂದಿನಂತೆ ಎದ್ದು, ತಲೆ ಬಾಚ್ಕೊಂಡು, ಕೆಲಸಕ್ಕೆ ಹೋದೆ. ಗೇಟಲ್ಲಿ ಎಲ್ಲರೂ ಕಾರ್ಡ್ ತೋರಿಸಿ ಒಳಗೆ ಹೋಗ್ತಿದ್ರು. ನಾನು ಪಕ್ಕದಲ್ಲಿ ನಿಂತಿದ್ದೆ. ಕಾವಲಿನವನು ನನ್ನ ತಮ್ಮನ ವಯಸ್ಸಿನವನು. ‘ಅಕ್ಕಾ, ಮನೆಗೆ ಹೋಗಿ’ ಅಂದು ಅವನೇ ಅತ್ತ. ನಿಮ್ಮ ಒಂಬತ್ತು ಜನರನ್ನ ಹಾಗೆ ನಿಲ್ಲಿಸ್ಬೇಡಿ.”

ಅಧಿಕಾರಿ ಕಾಗದ ಮಡಚಿ ಜೇಬಿಗೆ ಸೇರಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಇದು ಆರನೆಯ ಸಲ.

“ನಾಳೆ ಬರ್ಬೇಕಾ ಸರ್?”

“ಬೇಡಮ್ಮ. ಇವತ್ತೇ ಕೊನೆ ದಿನ. ನಿಮ್ಮ ತಪ್ಪು ಏನೂ ಇಲ್ಲ. ತೀರ್ಮಾನ ನಮ್ಮದು.”

ಅಧಿಕಾರಿ ಮತ್ತೆ ಭಾಷಣ ಬಿಗಿಯದೆ, ಅಕ್ಕನ ಮುಖ ನೋಡುತ್ತ ಕೂರುತ್ತಾರೆ. ಕಡೆಗೆ ಎದ್ದು ಬಾಗಿಲವರೆಗೆ ಹೋದವರು ಶೆಲ್ಫಿನ ಮುಂದೆ ನಿಲ್ಲುತ್ತಾರೆ. “ಇದು ನಿಮ್ಮ ಡಬ್ಬಿನಾ? ಮರೀತೀರಿ, ತಗೊಳ್ಳಿ.” ಅದನ್ನು ತಂದು ಅಕ್ಕನ ಕೈಗೆ ಕೊಡುತ್ತಾರೆ. ಅಕ್ಕ ಕನ್ನಡಕ ಏರಿಸಿ, ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕುತ್ತಾರೆ.

ಮಧ್ಯಾಹ್ನ ಎರಡಕ್ಕೆ ಅಧಿಕಾರಿಯ ಫೋನು ಬರುತ್ತದೆ. ಒಂಬತ್ತು ಜನಕ್ಕೂ ಎದುರು ಕೂತೇ ಹೇಳಿದರಂತೆ. ಇಬ್ಬರು ಅತ್ತರು, ಒಬ್ಬರು ಬಾಯಿಗೆ ಬಂದಂತೆ ಬೈದರು. ವಯಸ್ಸಾದವರೊಬ್ಬರು ಥೇಟ್ ಅಕ್ಕನ ಪ್ರಶ್ನೆಯನ್ನೇ ಕೇಳಿದರಂತೆ. ಅವರ ಚೀಲ ಹಿಡಿದು ಅಧಿಕಾರಿ ಗೇಟಿನವರೆಗೂ ನಡೆದರಂತೆ.

“ಕೆಲಸ ಹೋಗಿದ್ದು ಹೋಯ್ತು. ಅದನ್ನ ಉಳಿಸೋಕೆ ನನ್ನ ಕೈಲಾಗಲ್ಲ,” ಎನ್ನುತ್ತಾರೆ ಅಕ್ಕ. “ಆದ್ರೆ ನಾಳೆ ಬೆಳಿಗ್ಗೆ ಆ ಗೇಟಲ್ಲಿ ಯಾರೂ ನಿಂತಿರಲ್ಲ.”

ನಿಮ್ಮ ಆಸೆ ಏನಕ್ಕಾ ಎಂದು ಕೇಳಿದೆ. ಅಕ್ಕನ ಕಣ್ಣುಗಳು ಮಿನುಗುತ್ತವೆ. “ಒಂದ್ಸಲ ಯಾರಾದ್ರೂ ಬಂದು ನಂಗೆ ಬಡ್ತಿ ಕೊಡೋ ಅಭ್ಯಾಸ ಮಾಡ್ಲಿ. ಏಳು ವರ್ಷದಲ್ಲಿ ಒಬ್ರೂ ಬಂದಿಲ್ಲ ನೋಡಿ!”

ಇನ್ನೆರಡು ಸಲ ಕೆಲಸ ಕಳೆದುಕೊಂಡ ಮೇಲೆ ಅಕ್ಕ ಡಬ್ಬಿಯನ್ನು ಚೀಲಕ್ಕಿಳಿಸಿ ಚಪ್ಪಲಿ ಮೆಟ್ಟುತ್ತಾರೆ. ಬಾಗಿಲಲ್ಲಿ ನಿಂತು, ಏಳು ವರ್ಷದಿಂದ ಒಂದು ದಿನವೂ ತಪ್ಪಿಸದೆ ಕೇಳುವ ಮಾತನ್ನು ಇಂದೂ ಕೇಳುತ್ತಾರೆ.

“ನಾಳೆ ಬರ್ಬೇಕಾ ಮ್ಯಾಡಂ?”

ಮ್ಯಾಡಂ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಂತು, ಅವರ ಮುಖ ನೋಡಿ ಹೇಳುತ್ತಾರೆ.

“ಬರ್ಲೇಬೇಕಕ್ಕಾ. ಆರು ಗಂಟೆಗೆ.”