ಕನ್ನಡಿಯಲ್ಲಿ ಕಲಿತ ಗಿಟಾರ್

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪ್ ನಡೆಸುತ್ತಿದ್ದವನನ್ನು ಜನ ಕತ್ತರಿಯಣ್ಣ ಎನ್ನುತ್ತಿದ್ದರು. ಹೆಸರಿಗೆ ಕತ್ತರಿ, ಓಡುತ್ತಿದ್ದುದು ಬಾಯಿ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುವಷ್ಟರಲ್ಲಿ ಅವನ ಮನೆ, ಕೆಲಸ, ಮೊಣಕಾಲು ನೋವು ಎಲ್ಲವನ್ನೂ ವಿಚಾರಿಸಿ ಮುಗಿಸಿರುತ್ತಿದ್ದ. ಅದೂ ಎದುರು ನಿಂತಲ್ಲ. ಮೂವತ್ತೆರಡು ವರ್ಷದಿಂದ ಜನರ ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿ ಕಾಣುವ ಮುಖದ ಜೊತೆ ಮಾತಾಡಿಯೇ ಅಭ್ಯಾಸ. ಬೀದಿಯಲ್ಲಿ ಎದುರಿಗೆ ಸಿಕ್ಕರೆ ಎಷ್ಟೋ ಜನರ ಗುರುತು ಹತ್ತಲು ಅವನಿಗೆ ಒಂದು ಗಳಿಗೆ ಬೇಕಾಗುತ್ತಿತ್ತು, ಏಕೆಂದರೆ ಬೈತಲೆ ಆಚೆ ಬದಿಗೆ ಹೋಗಿರುತ್ತಿತ್ತು.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಗಳ ಜೊತೆ ಅವನಿಗೆ ಜಗಳವಿರಲಿಲ್ಲ, ನಿಜ. ಆದರೆ ಮಾತೂ ಇರಲಿಲ್ಲ. ನಾಲ್ಕು ಗಂಟೆ ದೂರದ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ ಅವಳು ಪ್ರತಿ ಭಾನುವಾರ ತಾಯಿಗೆ ಫೋನ್ ಮಾಡುತ್ತಿದ್ದಳು. ಅರ್ಧ ಗಂಟೆ ಹರಟಿದ ಮೇಲೆ ತಾಯಿ ಫೋನನ್ನು ಇವನ ಕೈಗೆ ತುರುಕುತ್ತಿದ್ದಳು. ಊಟ ಆಯ್ತಾ, ಕೆಲಸ ಹೇಗಿದೆ, ಹುಷಾರು. ಅಲ್ಲಿಗೆ ಮುಗಿಯಿತು. ಊರಿಗೆಲ್ಲ ಮಾತು ಹಂಚುವವನ ಬಾಯಿ ಹೆತ್ತ ಮಗಳ ಮುಂದೆ ಒಣಗಿ ಹೋಗುತ್ತಿತ್ತು.

ಒಂದು ಭಾನುವಾರ ಅವಳೇ ನಾಲ್ಕನೆಯ ಮಾತೊಂದನ್ನು ಆಡಿದಳು. ವರ್ಷದ ಕೊನೆಗೆ ರಜೆ ಹಾಕಿ ಬರುತ್ತೇನೆ, ನನ್ನ ಕೋಣೆಯಲ್ಲಿ ಆ ಗಿಟಾರ್ ಸುಮ್ಮನೆ ಜಾಗ ತಿನ್ನುತ್ತಿದೆ, ಯಾರಾದರೂ ಬಾರಿಸುವವರಿಗೆ ಕೊಟ್ಟುಬಿಡಿ ಎಂದಳು. ಅವನು ಆಗಲಿ ಎಂದ. ಆಮೇಲೆ ಎರಡು ದಿನ ಅವನಿಗೆ ಅದೇ ಗುಂಗು. ಅವಳದು ಎಂದು ಮನೆಯಲ್ಲಿ ಉಳಿದಿದ್ದುದು ಅದೊಂದೇ. ಅದೂ ಹೋದರೆ ಅವಳು ಬರುವುದು ಬರೀ ನೆಂಟಳ ಹಾಗೆ. ಕೊಡಕೂಡದು, ತಾನೇ ಕಲಿಯಬೇಕು, ಅವಳು ಬಂದಾಗ ಒಂದು ಹಾಡನ್ನಾದರೂ ಬಾರಿಸಬೇಕು, ಹಾಗಾದರೂ ಇಬ್ಬರ ನಡುವೆ ಮಾತಾಡಲು ಒಂದು ವಿಷಯ ಹುಟ್ಟುತ್ತದೆ ಎಂದು ಐವತ್ನಾಲ್ಕನೆಯ ವಯಸ್ಸಿನಲ್ಲಿ ಅವನು ತೀರ್ಮಾನಿಸಿದ.

ಚೀಲ ಬಿಚ್ಚಿದರೆ ತಂತಿಗಳೆಲ್ಲ ತುಕ್ಕು, ಎರಡು ತುಂಡು. ಹೊಸ ತಂತಿ ತಂದ. ಫೋನಿನಲ್ಲಿ ಹುಡುಕಿದಾಗ ಗುಂಗುರು ಕೂದಲಿನ ಒಬ್ಬ ಮೇಷ್ಟ್ರು ಸಿಕ್ಕಿದ, ಅರವತ್ತು ಪಾಠ, ಎಲ್ಲವೂ ಪುಕ್ಕಟೆ. ಕತ್ತರಿಯಣ್ಣನ ಕಣ್ಣು ಮೊದಲು ಹೋದದ್ದು ಅವನ ಕಿವಿಯ ಮೇಲಿನ ಕೂದಲಿಗೆ. ಯಾವನೋ ಎಡಬಿಡಂಗಿ ಕತ್ತರಿಸಿದ್ದಾನೆ ಎಂದುಕೊಂಡ. ಮೊದಲ ಪಾಠ ಪೂರ್ತಿ ಮಾತು. ಮಾತು ನನ್ನ ಕಸುಬು, ಇವನದೇನು ಕೇಳುವುದು ಎಂದು ಅದನ್ನು ದಾಟಿಸಿ ನೇರ ಎರಡನೆಯದಕ್ಕೆ ಹೋದ. ಮೇಷ್ಟ್ರು ಹಿಡಿದಂತೆಯೇ ಗಿಟಾರ್ ಹಿಡಿದ, ಮೇಷ್ಟ್ರದು ಹೇಗಿತ್ತೋ ಹಾಗೆಯೇ ದಪ್ಪ ತಂತಿ ಮೇಲೆ, ಸಣ್ಣದು ಕೆಳಗೆ ಬರುವಂತೆ ಕಟ್ಟಿದ. ದಪ್ಪ ತಂತಿ ಗಿಟಾರಿನ ಕುತ್ತಿಗೆಯ ತುದಿಯ ಕಚ್ಚಿನಲ್ಲಿ ಕೂರದಿದ್ದಾಗ ಬ್ಲೇಡಿನ ತುದಿಯಿಂದ ಕೆತ್ತಿ ಅಗಲ ಮಾಡಿ ಕೂರಿಸಿದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ. ಕೋಣವೇ ಕಿನ್ನರಿ ಹಿಡಿದದ್ದು ಇವತ್ತು ನೋಡಿದೆ” ಎಂದು ಹೇಳಿ ಒಳಗೆ ಹೋದಳು. ಆದರೆ ಮಾರನೆಯ ದಿನದಿಂದ ಅವನ ಅಭ್ಯಾಸದ ಹೊತ್ತಿಗೆ ಟಿ.ವಿ. ಸದ್ದು ತಾನಾಗಿ ಕಡಿಮೆಯಾಗುತ್ತಿತ್ತು.

ದಿನವೂ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ಗಂಟೆ, ಮಗಳ ಕೋಣೆಯ ಮಂಚದ ಮೇಲೆ. ತಂತಿ ಒತ್ತಿ ಒತ್ತಿ ಬಲಗೈ ಬೆರಳ ತುದಿಗಳು ಮೊದಲು ಉರಿದವು, ಬೊಬ್ಬೆ ಬಂದವು, ಕೊನೆಗೆ ಗಟ್ಟಿಯಾದವು. ಗಡ್ಡ ಹೆರೆದ ಮೇಲೆ ಗಿರಾಕಿಯ ಕೆನ್ನೆ ಸವರಿ ಎಲ್ಲಿ ಉಳಿದಿದೆ ಎಂದು ಹೇಳುತ್ತಿದ್ದುದು ಆ ಬೆರಳುಗಳೇ. ಈಗ ಅವಕ್ಕೆ ಏನೂ ತಿಳಿಯದೆ ಅವನು ಬೆರಳ ಹಿಂಬದಿಯಿಂದ ಸವರಬೇಕಾಯಿತು. ಇತ್ತ ಎಡಗೈಗೆ ತಾಳವೇ ಹಿಡಿಯದು. ಮೇಷ್ಟ್ರು ಎರಡು ವಾರಕ್ಕೆ ಬರುತ್ತದೆ ಎಂದದ್ದು ಇವನಿಗೆ ಎರಡು ತಿಂಗಳಾದರೂ ಬರಲಿಲ್ಲ. ಐದು ತಿಂಗಳಿಗೆ ಕಷ್ಟಪಟ್ಟು ಬಂದದ್ದು ಮೂರು ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಮೂರು ಸ್ವರಗುಚ್ಛ, ಅದೂ ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡು ಮುಗಿದು ಕೇಳುವವರು ಮನೆ ಸೇರಬಹುದು. ಅವನಿಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ನನ್ನ ರಕ್ತದಲ್ಲೇ ಸಂಗೀತ ಇಲ್ಲ, ಪಾಪ ಮಗಳಿಗೂ ನನ್ನಿಂದಲೇ ಹಾಗಾಗಿದೆ ಎಂದು ಅವನು ಸಮಾಧಾನ ಹೇಳಿಕೊಂಡ.

ಮಗಳದು ಏನಾಗಿತ್ತು ಎಂದರೆ, ಗಿಟಾರ್ ಅವಳ ಸೋದರಮಾವ ಕೊಡಿಸಿದ್ದು, ಅವಳಿಗೆ ಹದಿಮೂರು ವರ್ಷವಿದ್ದಾಗ. ಅವಳು ಎಡಗೈಯವಳು. ಬರೆಯುವುದು, ಚೆಂಡು ಎಸೆಯುವುದು ಎಲ್ಲ ಎಡಗೈಯಲ್ಲಿ. ಒಂದು ಸಂಜೆ ಗಿಟಾರ್ ಎತ್ತಿಕೊಂಡು ಅಂಗಡಿಗೆ ಓಡಿಬಂದು, ಇದರ ತಂತಿಗಳನ್ನು ತಿರುಗಾಮುರುಗಾ ಮಾಡಿ ಕಟ್ಟಿಸಿಕೊಡು ಅಪ್ಪಾ, ನನಗೆ ಈ ಕಡೆಯಿಂದ ಬರುತ್ತೆ ಎಂದು ಕೇಳಿದ್ದಳು. ಬೆಂಚಿನ ಮೇಲೆ ಐದಾರು ಜನ ಕಾಯುತ್ತಿದ್ದರು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಇವನು ಗಾದೆ ಬಿಟ್ಟ. ಅಂಗಡಿ ಪೂರ್ತಿ ನಕ್ಕಿತು. ಅವಳು ಮನೆಗೆ ಹೋಗಿ ಕೈ ಬದಲಿಸಿದಳು. ಎರಡು ವರ್ಷ ಬಲಗೈಯವರ ಹಾಗೆ ಹಿಡಿದು ಪ್ರಯತ್ನಪಟ್ಟು, ಒಂದು ದಿನ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಆ ನಗು ಇವನಿಗೆ ಮರೆತೇ ಹೋಗಿತ್ತು; ದಿನಕ್ಕೆ ಹತ್ತು ಗಾದೆ ಬಿಡುವವನು ಯಾವುದನ್ನೆಂದು ನೆನಪಿಟ್ಟುಕೊಂಡಾನು.

ಮಗಳು ಬರಲು ಹದಿನೈದು ದಿನ ಉಳಿದಿದ್ದಾಗ, ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವ ಗಿರಾಕಿಯೊಬ್ಬ ಮಧ್ಯಾಹ್ನ ಗಡ್ಡಕ್ಕೆ ಬಂದ. ನಾಚಿಕೆ ಬಿಟ್ಟು ಕತ್ತರಿಯಣ್ಣ ಮನೆಯಿಂದ ಗಿಟಾರ್ ತಂದು, ಅವನ ಮುಖಕ್ಕೆ ನೊರೆ ಹಚ್ಚಿಟ್ಟು, ಹಿಂದೆ ಸ್ಟೂಲ್ ಹಾಕಿಕೊಂಡು ಬಾರಿಸಿದ. ಗಿರಾಕಿ ಕನ್ನಡಿಯಲ್ಲೇ ನೋಡಿದ. ಹಿಡಿತವೇನೋ ಸರಿಯಾಗಿದೆ, ಕೈ ಮಾತ್ರ ಯಾಕೋ ಕುಂಟುತ್ತಿದೆ ಎಂದ. ಎಲ್ಲಿ ನೋಡೋಣ ಎಂದು ಕುರ್ಚಿ ತಿರುಗಿಸಿ ಎದುರು ಕೂತವನೇ ಕಣ್ಣರಳಿಸಿದ. ನೊರೆಯ ನಡುವಿನಿಂದ ಕೇಳಿದ:

“ಅಣ್ಣಾ, ನೀವು ಎಡಗೈಯವರಾ?”

ಅಲ್ಲವಲ್ಲ ಎಂದ ಇವನು. ಆಗ ವಿಷಯ ಹೊರಬಿತ್ತು. ಎದುರಿಗೆ ಕೂತ ಮೇಷ್ಟ್ರನ್ನು ಇವನು ಕನ್ನಡಿಯಲ್ಲಿ ನೋಡುವವನಂತೆ ನೋಡಿದ್ದ. ಮೇಷ್ಟ್ರ ಎಡಗೈ ಫೋನಿನ ಬಲಬದಿಗೆ ಕಂಡರೆ ಇವನು ತನ್ನ ಬಲಗೈ ಇಟ್ಟಿದ್ದ. ತಂತಿ ಕಟ್ಟಿದ್ದೂ ಹಾಗೆಯೇ, ಎಡಗೈಯವರಿಗೆ ಕಟ್ಟುವಂತೆ ತಿರುಗಾಮುರುಗಾ. ಮೂವತ್ತೆರಡು ವರ್ಷದ ಕಸುಬು ಐದು ತಿಂಗಳು ಅವನನ್ನು ಕೂರಿಸಿ ತಪ್ಪು ಪಾಠ ಹೇಳಿತ್ತು.

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕತ್ತರಿಯಣ್ಣನೂ ನಕ್ಕ. ನಗು ನಿಂತ ಮೇಲೆ ಗಿರಾಕಿ ಕಣ್ಣೊರೆಸಿಕೊಳ್ಳುತ್ತ, “ಐದು ತಿಂಗಳು ಹೇಗೆ ತಡಕೊಂಡ್ರಿ ಅಣ್ಣಾ? ಎಡಗೈಯವರನ್ನ ಬಲಗಡೆ ಬಾರಿಸು ಅಂತ ಕೂರಿಸಿದ್ರೂ ಇದೇ ಪಾಡು. ಎಷ್ಟೋ ಮಕ್ಕಳು ತಿಂಗಳಿಗೆ ಬಿಟ್ಟು ಓಡ್ತಾರೆ” ಎಂದ.

ಕತ್ತರಿಯಣ್ಣ ಗಿಟಾರ್ ಬದಿಗಿಟ್ಟು ಕತ್ತಿ ಎತ್ತಿಕೊಂಡ. ಮಗಳು ಎರಡು ವರ್ಷ ಓಡಿರಲಿಲ್ಲ. ಬೆರಳುರಿ, ಸಿಟ್ಟು, ತನ್ನಲ್ಲೇ ಏನೋ ಕೊರತೆಯಿದೆ ಎಂಬ ಆ ಹಾಳು ಯೋಚನೆ, ಅದೆಲ್ಲ ಅವನ ಕೈಗೆ ಈಗ ಗೊತ್ತಿತ್ತು. ಹದಿಮೂರು ವರ್ಷದ ಹುಡುಗಿ ಅದೇ ಮಂಚದ ಮೇಲೆ ಅದನ್ನು ಎರಡು ವರ್ಷ ನುಂಗಿದ್ದಳು. ಅಂಗಡಿಯ ನಗು ಆಗ ನೆನಪಾಯಿತು, ಬೆಂಚಿನ ಮೇಲೆ ಯಾರ್ಯಾರು ಕೂತಿದ್ದರು ಎಂಬುದೂ ಸಹ. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಂತಿ ಸರಿಮಾಡಿ ಕಟ್ಟಿಕೊಡುತ್ತೇನೆ ಎಂದ ಗಿರಾಕಿಗೆ ಬೇಡ ಎಂದ. ಅವತ್ತು ಗಡ್ಡ ಮುಗಿಯುವವರೆಗೆ ಅಂಗಡಿಯಲ್ಲಿ ಮಾತೇ ಇರಲಿಲ್ಲ, ಗಿರಾಕಿ ಎರಡು ಸಲ ಹುಷಾರಾಗಿದ್ದೀರಾ ಎಂದು ಕೇಳಿದ.

ಮಗಳು ಬಂದಳು. ಮರುದಿನ ಬೆಳಿಗ್ಗೆ ತಾಯಿ ಅಡುಗೆಮನೆಯಲ್ಲಿದ್ದಾಗ ಅವಳು ಗಿಟಾರ್ ಕೈಗೆತ್ತಿಕೊಂಡದ್ದನ್ನು ಅವನು ಬಾಗಿಲಿನಿಂದ ನೋಡಿದ. ಎಡಗೈಯವರ ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತಂತಿಗಳನ್ನು ಸವರಿದಳು. ದಪ್ಪ ತಂತಿ ಮೇಲಿತ್ತು. ಅವಳ ಕೈ ನಿಂತಿತು.

“ಇದನ್ನ ಯಾರು ಕಟ್ಟಿದ್ದು?”

“ನಾನೇ.”

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು. “ನನಗೋಸ್ಕರ ಕಟ್ಟಿದ್ಯಾ ಅಪ್ಪಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಇಷ್ಟು ವರ್ಷ ದೂರವಿದ್ದ ಮಗಳು ಒಂದು ಮಾತಿಗೆ ಸಿಗುತ್ತಿದ್ದಳು, ಸುಳ್ಳು ಎಂದು ಹೇಳುವವರು ಯಾರೂ ಇರಲಿಲ್ಲ. ಹೌದು ಎನ್ನುವುದು ನಾಲಗೆಯ ತುದಿಗೇ ಬಂದಿತ್ತು. ಎದುರು ಕನ್ನಡಿ ಇರಲಿಲ್ಲ, ಬರೀ ಅವಳ ಮುಖ ಇತ್ತು.

“ಅಲ್ಲ ಮಗಳೇ” ಎಂದ. ನಡೆದದ್ದನ್ನೆಲ್ಲ ಹೇಳಿದ. ಮೇಷ್ಟ್ರು, ಕನ್ನಡಿ, ಐದು ತಿಂಗಳು, ಎಲ್ಲವನ್ನೂ ಒಂದು ಗಾದೆಯೂ ಇಲ್ಲದೆ ಹೇಳಿದ. ಅವಳ ಕಣ್ಣು ನಿಧಾನವಾಗಿ ಒಣಗುವುದನ್ನೂ ನೋಡಿದ. ಆದರೂ ನಿಲ್ಲಿಸಲಿಲ್ಲ. “ಅವತ್ತು ಅಂಗಡೀಲಿ ನಿನ್ನನ್ನ ಮುಂದಿಟ್ಟುಕೊಂಡು ಜನರನ್ನ ನಗಿಸಿದೆ. ನೀನು ಕೈ ಬದಲಾಯಿಸಿದೆ. ಅದೆಷ್ಟು ಕಷ್ಟ ಅಂತ ಈ ವರ್ಷ ನನಗೆ ಗೊತ್ತಾಯ್ತು. ತಪ್ಪು ನನ್ನದು.”

ಅವಳು ತಂತಿಗಳ ಮೇಲೆ ಕೈಯಿಟ್ಟಳು.

“ಅವರೆಲ್ಲ ನಕ್ಕಿದ್ದು ನನಗೆ ನೆನಪೇ ಇಲ್ಲ ಅಪ್ಪಾ. ನೀನು ನಕ್ಕಿದ್ದು ನೆನಪಿದೆ. ಆಮೇಲೆ ಪ್ರತಿಸಲ ತಪ್ಪಿದಾಗಲೂ ಅದೇ ಕೇಳಿಸ್ತಿತ್ತು.”

ಅವನು ಒಳಗೆ ಬಂದು ಮಂಚದ ಇನ್ನೊಂದು ತುದಿಯಲ್ಲಿ ಕುಳಿತ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಅವಳು, ಮೂರು ಕಾರ್ಡ್ ಬರುತ್ತೆ ಅಂದೆಯಲ್ಲ, ಒಂದನ್ನ ತೋರಿಸು ಎಂದಳು. ಅವನು ಅವಳ ಬಲಗೈ ಬೆರಳುಗಳನ್ನು ಒಂದೊಂದಾಗಿ ತಂತಿಗಳ ಮೇಲೆ ಇಡಿಸಿದ. ಅವಳು ಎಡಗೈಯಿಂದ ಮೀಟಿದಳು. ಎರಡು ತಂತಿ ನುಡಿದವು, ಮೂರನೆಯದು ಗರ್ ಎಂದು ಸತ್ತ ಸದ್ದು ಮಾಡಿತು. ಅವಳು ತಟಕ್ಕನೆ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

ಅವನು ಇನ್ನೂ ಅವಳ ಬೆರಳನ್ನೇ ನೋಡುತ್ತಿದ್ದ. “ನನಗೆ ಅಲ್ಲಿ ಒಂದೂವರೆ ತಿಂಗಳು ಹಿಡೀತು” ಎಂದ. “ಇನ್ನೊಂದು ಸಲ ಹಾಕು.”